ಮೊಬೈಲಿಗಿರುವ ಬಿಡುಗಡೆ ಮನೆಯ ಫೈಬರ್‌ಗೇಕಿಲ್ಲ?

ಮೊಬೈಲ್ ಕಂಪನಿಯ ಸಹವಾಸ ಸಾಕೆನಿಸಿದರೆ 1900ಕ್ಕೆ ಒಂದು ಎಸ್ಸೆಮ್ಮೆಸ್ ಕಳಿಸಿ, ಬಂದ ಕೋಡ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋದರಾಯಿತು. ಹಳಬರ ಬಳಿ ಕಾರಣ ಹೇಳಬೇಕಿಲ್ಲ, ‘ಯಾಕೆ ಸಾರ್ ಬಿಡ್ತೀರಾ’ ಎಂಬ ಗೋಗರೆತಕ್ಕೆ ಉತ್ತರಿಸಬೇಕಿಲ್ಲ. 2010ರ ನವೆಂಬರ್‌ನಲ್ಲಿ ಹರಿಯಾಣದಲ್ಲಿ ಶುರುವಾದ ಈ ಪೋರ್ಟಿಂಗ್ ವ್ಯವಸ್ಥೆ 2011ರ ಜನವರಿ 20ರಂದು ಇಡೀ ದೇಶಕ್ಕೆ ಬಂತು. ಗಿರಾಕಿ ನಾಳೆ ಬೆಳಿಗ್ಗೆ ಎದ್ದು ಹೋಗಿಬಿಡಬಹುದು ಎಂಬ ಅಳುಕು ಕಂಪನಿಗಳಿಗೆ ಹುಟ್ಟಿದ್ದೇ ಆಗ. ಮನೆಯ ಬ್ರಾಡ್‌ಬ್ಯಾಂಡ್ ಮಾರುವವರಿಗೆ ಆ ಅಳುಕು ಇವತ್ತಿಗೂ ಅಷ್ಟಾಗಿ ಇಲ್ಲ.

ಕಾರಣ ತಂತಿಯಲ್ಲೇ ಇದೆ. ಮೊಬೈಲ್ ಕಂಪನಿ ಬದಲಾದರೆ ಬದಲಾಗುವುದು ಒಂದು ಸಿಮ್. ಫೈಬರ್ ಬದಲಾಗಬೇಕೆಂದರೆ ಹೊಸ ಕಂಪನಿಯವರು ಕಂಬದಿಂದ ಮನೆತನಕ ಇನ್ನೊಂದು ಕೇಬಲ್ ಎಳೆಯಬೇಕು, ಗೋಡೆಗೆ ಇನ್ನೊಂದು ತೂತು ಕೊರೆಯಬೇಕು, ಟಿವಿ ಪಕ್ಕ ಇನ್ನೊಂದು ಡಬ್ಬಿ ಕೂರಿಸಬೇಕು. ಒಎನ್‌ಟಿ ಎಂದು ಕರೆಯುವ ಆ ಡಬ್ಬಿ ಅದರ ಸೀರಿಯಲ್ ನಂಬರ್ ಸಮೇತ ಕಂಪನಿಯ ಎಕ್ಸ್‌ಚೇಂಜಿನಲ್ಲಿ ನೋಂದಣಿಯಾಗಿರುತ್ತದೆ. ಇನ್ನೊಬ್ಬರ ಲೈನಿಗೆ ಸಿಕ್ಕಿಸಿದರೆ ಅದು ಸುಮ್ಮನೆ ದೀಪ ಮಿನುಗಿಸುತ್ತ ಕೂರುತ್ತದೆ, ಇಂಟರ್ನೆಟ್ ಬರುವುದಿಲ್ಲ. ಇದೆಲ್ಲ ಕಂಪನಿಗೆ ಖರ್ಚಿನ ಬಾಬತ್ತು. ‘ಆರು ತಿಂಗಳದ್ದು ಒಟ್ಟಿಗೆ ಕಟ್ಟಿ, ಇನ್‌ಸ್ಟಲೇಶನ್ ಫ್ರೀ’ ಎನ್ನುವ ಧಾರಾಳತನ ಬರುವುದು ಅಲ್ಲಿಂದ. ಆ ಫ್ರೀಗೆ ಪ್ರತಿಯಾಗಿ ಗಿರಾಕಿ ಬರೆದುಕೊಡುವುದು ಆರು ತಿಂಗಳ ಕಾಲ ಎಲ್ಲಿಗೂ ಹೋಗೆನೆಂಬ ಮುಚ್ಚಳಿಕೆಯನ್ನು.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಮಾತು ಇಲ್ಲಿಯವರೆಗೂ ಬರುವುದಿಲ್ಲ, ಗೇಟಿನಲ್ಲೇ ನಿಲ್ಲುತ್ತದೆ. ಯಾರ ಕೇಬಲ್ ಒಳಗೆ ಬರಬೇಕು, ಯಾರದ್ದು ಬರಬಾರದು ಎಂಬುದನ್ನು ಬಿಲ್ಡರ್ ಅಥವಾ ನಿವಾಸಿಗಳ ಸಂಘ ಎಂದೋ ತೀರ್ಮಾನಿಸಿಬಿಟ್ಟಿರುತ್ತದೆ. ಇರುವುದು ಎರಡೇ ಕಂಪನಿ, ಒಮ್ಮೊಮ್ಮೆ ಒಂದೇ. ಕಟ್ಟಡದೊಳಗಿನ ಸೌಲಭ್ಯವನ್ನು ಕಂಪನಿಗಳು ಹಂಚಿಕೊಳ್ಳಬೇಕು, ಒಬ್ಬರಿಗಷ್ಟೇ ಮೀಸಲಾದ ಒಪ್ಪಂದ ಕೂಡದು ಎಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ 2017ರ ಜನವರಿಯಲ್ಲೇ ಸರ್ಕಾರಕ್ಕೆ ಶಿಫಾರಸು ಮಾಡಿತ್ತು. 2024ರ ಅಕ್ಟೋಬರ್‌ನಲ್ಲಿ ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ನಕ್ಷತ್ರದ ರೇಟಿಂಗ್ ಕೊಡುವ ನಿಯಮಾವಳಿಯನ್ನೂ ಹೊರಡಿಸಿತು. ಹೋಟೆಲಿಗಿರುವಂತೆ ಮನೆಗೂ ನಕ್ಷತ್ರ. ಆಲೋಚನೆ ಒಳ್ಳೆಯದೇ. ಆದರೆ ಹತ್ತು ವರ್ಷದ ಹಿಂದೆ ಕಟ್ಟಿದ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಕೂತು, ಬೇರೆ ಕಂಪನಿ ಬೇಕೆಂದು ಸಂಘದ ಕಾರ್ಯದರ್ಶಿಗೆ ವಾಟ್ಸ್ಆ್ಯಪ್ ಮಾಡುತ್ತಿರುವವರಿಗೆ ಅದರಿಂದ ಸಿಗುವುದು ಸೊನ್ನೆ.

ಸ್ವಂತ ಮನೆಯವರ ಕಷ್ಟ ಕಂಬದ್ದು. ಬೆಂಗಳೂರಿನ ಬೀದಿಗಳಲ್ಲಿ ಫೈಬರ್ ನೆಲದಡಿಗಿಂತ ತಲೆಯ ಮೇಲೆಯೇ ಹೆಚ್ಚು ಕಾಣುತ್ತದೆ. 2024ರಲ್ಲಿ ಬೆಸ್ಕಾಂ ತನ್ನ ವಿದ್ಯುತ್ ಕಂಬಗಳಿಗೆ ಅನಧಿಕೃತವಾಗಿ ಸುತ್ತಿದ್ದ ಒಎಫ್‌ಸಿ ಮತ್ತು ಡಿಶ್ ಕೇಬಲ್‌ಗಳನ್ನು ಕತ್ತರಿಸುವ ಕಾರ್ಯಾಚರಣೆಗೆ ಇಳಿಯಿತು. ಜೋತುಬಿದ್ದ ತಂತಿ ಜನರ ಜೀವಕ್ಕೆ ಅಪಾಯ, ಆದ್ದರಿಂದ ಬೆಸ್ಕಾಂ ಮಾಡಿದ್ದರಲ್ಲಿ ತಪ್ಪಿಲ್ಲ. ಆದರೂ ತನ್ನ ಮನೆಯ ಲೈನು ಯಾವ ಕಂಬದ ಮೇಲೆ, ಯಾರ ಅನುಮತಿಯಿಂದ ತೂಗುತ್ತಿದೆ ಎಂಬುದು ತಿಂಗಳು ತಿಂಗಳು ಹಣ ಕಟ್ಟುವ ಗಿರಾಕಿಗೆ ಗೊತ್ತಾಗುವುದು ಅದು ತುಂಡಾದ ದಿನ.

ಜಾಹೀರಾತುಗಳು ಈ ಕೊನೆಯ ನೂರು ಮೀಟರಿನ ಬಗ್ಗೆ ತುಟಿ ಬಿಚ್ಚುವುದಿಲ್ಲ. ಅವುಗಳ ಮಾತೆಲ್ಲ ಎಂಬಿಪಿಎಸ್‌ನದ್ದು. 300, 500, ಒಂದು ಗಿಗಾಬಿಟ್. ಅಷ್ಟು ಯಾರಿಗೆ ಬೇಕು? 4ಕೆ ಚಿತ್ರ ನೋಡಲು 15 ಎಂಬಿಪಿಎಸ್ ಇದ್ದರೆ ಸಾಕೆಂದು ನೆಟ್‌ಫ್ಲಿಕ್ಸ್ ತಾನೇ ಹೇಳುತ್ತದೆ. ಸ್ಪಷ್ಟವಾದ ಒಂದು ವಿಡಿಯೊ ಮೀಟಿಂಗಿಗೆ ನಾಲ್ಕರ ಆಸುಪಾಸು ಸಾಲುತ್ತದೆ. ಅಪ್ಪ ಆಫೀಸಿನ ಕಾಲ್‌ನಲ್ಲಿ, ಮಗಳು ಆನ್‌ಲೈನ್ ಕೋಚಿಂಗ್‌ನಲ್ಲಿ, ಅಜ್ಜಿ ಯೂಟ್ಯೂಬ್‌ನ ಹರಿಕಥೆಯಲ್ಲಿ ಒಟ್ಟಿಗೆ ಕೂತರೂ 100 ಎಂಬಿಪಿಎಸ್ ತುಂಬುವುದು ಕಷ್ಟ. ಗಿಗಾಬಿಟ್ ಪ್ಲ್ಯಾನ್ ಹಾಕಿಸಿಕೊಂಡು ದೂರದ ಬೆಡ್‌ರೂಮಿನಲ್ಲಿ ಬಫರಿಂಗ್ ನೋಡುತ್ತ ಕೂರುವವರ ಸಮಸ್ಯೆ ಫೈಬರ್‌ನದ್ದಲ್ಲ, ನಡುವಿನ ಎರಡು ಕಾಂಕ್ರೀಟ್ ಗೋಡೆಗಳದ್ದು. ಆ ಹೆಚ್ಚುವರಿ ದುಡ್ಡಿನಲ್ಲಿ ಒಂದು ಒಳ್ಳೆಯ ವೈಫೈ ರೂಟರ್ ತರುವುದು ಜಾಣತನ.

ಬೆಲೆಯ ಮಾತಿಗೆ ಹೆಚ್ಚು ಹೊತ್ತು ಬೇಡ. 799 ರೂಪಾಯಿ ಎಂದು ದಪ್ಪಕ್ಷರದಲ್ಲಿ ಬರೆದ ಪ್ಲ್ಯಾನ್ ಶೇ 18ರ ಜಿಎಸ್‌ಟಿ ಸೇರಿ 943 ಆಗುತ್ತದೆ. ಅನ್‌ಲಿಮಿಟೆಡ್ ಎಂಬುದಕ್ಕೂ ಸಣ್ಣಕ್ಷರದಲ್ಲಿ ಒಂದು ಮಿತಿ ಇರುತ್ತದೆ. ಜತೆಗೆ ಕೊಡುವ ಹತ್ತಾರು ಒಟಿಟಿಗಳಲ್ಲಿ ಮನೆಯವರು ನಿಜವಾಗಿ ನೋಡುವುದು ಎಷ್ಟು ಎಂದು ಎಣಿಸಿದರೆ ಲೆಕ್ಕ ಮುಗಿಯಿತು.

ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ. ಫೈಬರ್ ಮನೆಯೊಳಗಿನ ಡಬ್ಬಿಯ ತನಕ ಬರುತ್ತದೆಯೇ, ಅಥವಾ ಕಟ್ಟಡದ ಕೆಳಗೋ ಬೀದಿಯ ಮೂಲೆಗೋ ನಿಂತು ಅಲ್ಲಿಂದ ಸಾಮಾನ್ಯ ಲ್ಯಾನ್ ಕೇಬಲ್‌ನಲ್ಲಿ ಬರುತ್ತದೆಯೇ? ಎರಡನ್ನೂ ಫೈಬರ್ ಎಂದೇ ಮಾರುತ್ತಾರೆ. ಮೊದಲನೆಯದರಲ್ಲಿ ಎಕ್ಸ್‌ಚೇಂಜಿನಿಂದ ಹೊರಟ ಒಂದು ಗಾಜಿನ ಎಳೆ ಸ್ಪ್ಲಿಟರ್ ಮೂಲಕ ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಒಡೆಯುತ್ತದೆ. ಜಿಪಾನ್ ತಂತ್ರಜ್ಞಾನವಾದರೆ ಸುಮಾರು ಎರಡೂವರೆ ಗಿಗಾಬಿಟ್ಟನ್ನು ಅಷ್ಟೂ ಮನೆಯವರು ಹಂಚಿಕೊಳ್ಳುತ್ತಾರೆ. ದಾರಿಯುದ್ದಕ್ಕೂ ಕರೆಂಟ್ ಬೇಡುವ ಉಪಕರಣವೇ ಇರುವುದಿಲ್ಲ, ಸಿಡಿಲಿಗೆ ಸುಟ್ಟುಹೋಗುವ ತಾಮ್ರವೂ ಇಲ್ಲ. ಎರಡನೆಯದರಲ್ಲಿ ಕಟ್ಟಡದ ಮೂಲೆಯಲ್ಲೊಂದು ಸ್ವಿಚ್ ಇರುತ್ತದೆ. ಅಲ್ಲಿ ಕರೆಂಟ್ ಹೋಗಿ ಬ್ಯಾಟರಿ ಕೈಕೊಟ್ಟರೆ ಮನೆಯಲ್ಲಿ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ. ಇನ್ನು ಜಿಯೊ 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ ಬಿಟ್ಟ ಏರ್‌ಫೈಬರ್, ಏರ್‌ಟೆಲ್‌ನ ಅದೇ ಬಗೆಯ ಸೇವೆ, ಇವೆರಡರಲ್ಲೂ ಮನೆಗೆ ಬರುವುದು ರೇಡಿಯೊ ಅಲೆ. ಕೇಬಲ್ ಎಳೆಯಲಾಗದ ಕಡೆ ಅದು ಉಪಕಾರಿಯೇ. ಹೆಸರು ನೋಡಿ ಫೈಬರ್ ಎಂದುಕೊಂಡು ಹಾಕಿಸಿಕೊಂಡವರಿಗೆ ಮಾತ್ರ ಸಂಜೆ ಎಂಟರ ಹೊತ್ತಿಗೆ ಅನುಮಾನ ಶುರುವಾಗುತ್ತದೆ.

ಬ್ರಿಟನ್ನಿನಲ್ಲೂ ಇದೇ ಗೊಂದಲ ವರ್ಷಗಟ್ಟಲೆ ಇತ್ತು. ಬೀದಿಯ ಪೆಟ್ಟಿಗೆಯವರೆಗಷ್ಟೇ ಫೈಬರ್ ಬಂದು ಅಲ್ಲಿಂದ ಹಳೆಯ ತಾಮ್ರದ ತಂತಿಯಲ್ಲಿ ಮನೆಗೆ ಬರುವ ಸೇವೆಯನ್ನೂ ಅಲ್ಲಿ ಫೈಬರ್ ಎಂದೇ ಮಾರುತ್ತಿದ್ದರು. ಅಲ್ಲಿನ ನಿಯಂತ್ರಕ ಆಫ್‌ಕಾಮ್ 2024ರ ಸೆಪ್ಟೆಂಬರ್‌ನಿಂದ ಜಾರಿಗೆ ತಂದ ಮಾರ್ಗಸೂಚಿಯ ಪ್ರಕಾರ, ಗಿರಾಕಿ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಪೂರ್ತಿ ಫೈಬರೋ, ಅರ್ಧ ಫೈಬರೋ, ತಾಮ್ರವೋ ಎಂದು ಸ್ಪಷ್ಟವಾಗಿ ತಿಳಿಸಬೇಕು. ಅದೇ ತಿಂಗಳ 12ರಂದು ‘ಒನ್ ಟಚ್ ಸ್ವಿಚ್’ ಎಂಬ ಇನ್ನೊಂದು ವ್ಯವಸ್ಥೆಯೂ ಶುರುವಾಯಿತು. ಗಿರಾಕಿ ಹೊಸ ಕಂಪನಿಯೊಂದಿಗೆ ಮಾತಾಡಿದರೆ ಸಾಕು, ಹಳೆಯದನ್ನು ಮುಚ್ಚಿಸುವ ಕೆಲಸ ಹೊಸಬರದ್ದು. ಅವಧಿಗೆ ಮುಂಚೆ ಬಿಟ್ಟರೆ ಎಷ್ಟು ಕಟ್ಟಬೇಕು ಎಂಬುದನ್ನು ಹಳೆಯ ಕಂಪನಿ ಮೊದಲೇ ತಿಳಿಸಬೇಕು. ಬದಲಾದ ದಿನದಿಂದಾಚೆಗೆ ನೋಟಿಸ್ ಅವಧಿಯ ಹೆಸರಿನಲ್ಲಿ ಹಣ ಕೇಳುವಂತಿಲ್ಲ. ಸಂಪರ್ಕ ಕೆಟ್ಟು ಎರಡು ಕೆಲಸದ ದಿನ ಕಳೆದರೂ ಸರಿಹೋಗದಿದ್ದರೆ ಕೇಳದೆಯೇ ಪರಿಹಾರ ಕೊಡುವ ಯೋಜನೆ ಅಲ್ಲಿ 2019ರ ಏಪ್ರಿಲ್‌ನಿಂದ ಇದೆ. ಪ್ರಮುಖ ಕಂಪನಿಗಳು ಅದನ್ನು ಒಪ್ಪಿಕೊಂಡಿವೆ.

ಬ್ರಿಟನ್ನಿಗೆ ಒಂದು ಅನುಕೂಲವಿದೆ, ಅದನ್ನು ಮರೆಯಬಾರದು. ಅಲ್ಲಿ ಬಹುತೇಕ ಕಂಪನಿಗಳು ಓಪನ್‌ರೀಚ್ ಎಂಬ ಒಂದೇ ಸಂಸ್ಥೆಯ ತಂತಿಯನ್ನು ಬಾಡಿಗೆಗೆ ಪಡೆದು ಸೇವೆ ಕೊಡುತ್ತವೆ. ಇಲ್ಲಿ ಎಸಿಟಿ, ಏರ್‌ಟೆಲ್, ಜಿಯೊ, ಬಿಎಸ್ಎನ್ಎಲ್, ಬಡಾವಣೆಯ ಕೇಬಲ್‌ನವರು ಎಲ್ಲರೂ ತಂತಮ್ಮದೇ ಎಳೆಯುತ್ತಾರೆ. ಆದ್ದರಿಂದ ತಂತಿಯನ್ನು ಪೋರ್ಟ್ ಮಾಡುವುದು ಇಲ್ಲಿ ಸದ್ಯಕ್ಕೆ ಆಗದ ಮಾತು. ಆದರೆ ಕಾಗದಪತ್ರಕ್ಕೆ ಅಂಥ ಅಡ್ಡಿ ಏನಿದೆ? ಸಂಪರ್ಕ ಬಿಡಲು ಹೊರಟವರು ಕಾಲ್‌ಸೆಂಟರಿನಿಂದ ಕಾಲ್‌ಸೆಂಟರಿಗೆ ಅಲೆಯಬೇಕಿರುವುದು, ಡಬ್ಬಿ ವಾಪಸ್ ಒಯ್ಯಲು ಯಾರೂ ಬಾರದೆ ಬಿಲ್ ಮಾತ್ರ ತಪ್ಪದೆ ಬರುವುದು, ಠೇವಣಿಗೆ ಮೇಲ್ ಮೇಲೆ ಮೇಲ್ ಕಳಿಸಬೇಕಿರುವುದು, ಇವ್ಯಾವುವೂ ಗಾಜಿನ ಎಳೆಯ ಭೌತಶಾಸ್ತ್ರದಿಂದ ಹುಟ್ಟಿದ ತೊಂದರೆಗಳಲ್ಲ. ದುರಸ್ತಿ ತಡವಾದರೆ ಬಿಲ್ಲಿನಲ್ಲಿ ಕಡಿತ ಕೊಡಬೇಕು ಎಂಬ ಮಾತು ಟ್ರಾಯ್ 2006ರಲ್ಲಿ ಮಾಡಿದ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮದಲ್ಲೇ ಇತ್ತು. ಅದನ್ನು ಕೇಳಿ ಪಡೆದ ಗಿರಾಕಿಯನ್ನು ದುರ್ಬೀನು ಹಾಕಿ ಹುಡುಕಬೇಕು.

ಇದೆಲ್ಲ ಆಯ್ಕೆ ಇರುವವರ ಜಗಳ. ಮಲೆನಾಡಿನ ಒಳಗೆ ಹೋದರೆ ಎಷ್ಟೋ ಊರುಗಳಲ್ಲಿ ಬಿಎಸ್ಎನ್ಎಲ್ ಫೈಬರ್ ಒಂದೇ ಗತಿ. ಅದನ್ನೂ ಎಳೆದು ನೋಡಿಕೊಳ್ಳುವವರು ಬಿಎಸ್ಎನ್ಎಲ್ ಜತೆ ಪಾಲುದಾರಿಕೆಯಲ್ಲಿರುವ ಸ್ಥಳೀಯ ಕೇಬಲ್‌ನವರು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಸುರಿಯುವ ಮಳೆಗೆ ಮಗಳ ತಲೆಯ ಮೇಲೆ ಕೊಡೆ ಹಿಡಿದು ನಿಂತ ತಂದೆಯ ಚಿತ್ರ ದೇಶವೆಲ್ಲ ಓಡಾಡಿತ್ತು. ಆಕೆ ನೆಟ್‌ವರ್ಕ್ ಸಿಗುವ ಜಾಗ ಹುಡುಕಿ ಎಸ್ಸೆಸ್ಸೆಲ್ಸಿ ಪಾಠ ಕೇಳುತ್ತಿದ್ದಳು. ಅಂಥ ಕಡೆ ಅಡಿಕೆ ತೋಟ ಹಾಯ್ದು ಬಂದ ಒಂದು ಫೈಬರ್ ಎಳೆಯೇ ದೊಡ್ಡದು. ಮರ ಬಿದ್ದು ಅದು ತುಂಡಾದಾಗ ಮಳೆಯಲ್ಲೇ ಏಣಿ ಹೊತ್ತು ಬರುವ ಹುಡುಗನೊಬ್ಬ ಊರಲ್ಲಿದ್ದರೆ, ಜಾಹೀರಾತಿನ ಯಾವ ಕಂಪನಿಗೂ ಅವನು ಕಡಿಮೆಯಿಲ್ಲ.

ನಗರದಲ್ಲೂ ಕೊನೆಗೆ ಆಯ್ಕೆ ನಿಲ್ಲಬೇಕಾದದ್ದು ಆ ಹುಡುಗನ ಮೇಲೆಯೇ. ಒಂದು ಬೀದಿಯಲ್ಲಿ ಹೊಗಳಿಸಿಕೊಳ್ಳುವ ಕಂಪನಿಗೆ ಪಕ್ಕದ ಬೀದಿಯಲ್ಲಿ ಶಾಪ ಬೀಳುತ್ತಿರುತ್ತದೆ, ಏಕೆಂದರೆ ಎರಡೂ ಕಡೆ ಲೈನು ನೋಡಿಕೊಳ್ಳುವವರು ಬೇರೆ ಬೇರೆ ಗುತ್ತಿಗೆದಾರರು. ಹಾಗಾಗಿ ರಾಷ್ಟ್ರಮಟ್ಟದ ಸ್ಪೀಡ್ ಪಟ್ಟಿಗಿಂತ ಅದೇ ಕಟ್ಟಡದ, ಅದೇ ಕಂಬದ ನೆರೆಯವರ ಮಾತಿಗೆ ಬೆಲೆ ಹೆಚ್ಚು. ಕಳೆದ ಮಳೆಗಾಲದಲ್ಲಿ ಲೈನು ಹೋದಾಗ ಎಷ್ಟು ಹೊತ್ತಿಗೆ ಬಂದರು ಎಂದು ಅವರನ್ನು ಕೇಳಬೇಕು. ಊರಿನ ಹಳೆಮನೆಗೆ ಸಿಸಿಟಿವಿ ಹಾಕಿ ಬೆಂಗಳೂರಿನಿಂದ ನೋಡುವ ಯೋಚನೆ ಇದ್ದವರು, ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಹಲವು ಗಿರಾಕಿಗಳಿಗೆ ಹಂಚುವ ಪದ್ಧತಿ ಆ ಕಂಪನಿಯಲ್ಲಿದೆಯೇ ಎಂದೂ ಮೊದಲೇ ವಿಚಾರಿಸುವುದು ಒಳ್ಳೆಯದು. ಕೆಲವು ಹಳೆಯ ಮಾದರಿಯ ಕ್ಯಾಮೆರಾ ವ್ಯವಸ್ಥೆಗಳು ಅದಕ್ಕೆ ಒಗ್ಗುವುದಿಲ್ಲ.

ಬದಲಿಸಲು ಹೊರಟವರು ಮೊದಲ ಬಾರಿಗೆ ತಿಂಗಳ ಪ್ಲ್ಯಾನನ್ನೇ ಕೇಳಬೇಕು. ಹೊಸ ಲೈನು ಒಂದಷ್ಟು ದಿನ ನೆಟ್ಟಗೆ ನಡೆದ ಮೇಲೆ ಹಳೆಯದನ್ನು ಲಿಖಿತವಾಗಿ ಬಿಡಬೇಕು, ಡಬ್ಬಿ ಕೊಟ್ಟದ್ದಕ್ಕೆ ರಸೀದಿ ಇಟ್ಟುಕೊಳ್ಳಬೇಕು. ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಕಂಪನಿಯ ದೂರು ಕೇಂದ್ರ, ಅದರ ಮೇಲಿನ ಮೇಲ್ಮನವಿ ಪ್ರಾಧಿಕಾರ ಎರಡೂ ಕೈಬಿಟ್ಟರೆ ಗ್ರಾಹಕರ ಆಯೋಗದ ಬಾಗಿಲು ತೆರೆದಿದೆ. ಟೆಲಿಕಾಂ ಗಿರಾಕಿಗಳು ಅಲ್ಲಿಗೆ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ.

ಮೊಬೈಲ್ ಪೋರ್ಟಿಂಗನ್ನು ದೇಶವೆಲ್ಲ ನಡೆಸಿ ತೋರಿಸಿದ ಟ್ರಾಯ್‌ಗೆ, ಸಂಪರ್ಕ ಬಿಡಿಸುವ ಹೊಣೆಯನ್ನು ಹೊಸ ಕಂಪನಿಗೆ ವಹಿಸುವ ಒಂದು ನಿಯಮ ಬರೆಯುವುದು ಅಸಾಧ್ಯವೇನಲ್ಲ. ಫೈಬರ್ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಬಿಲ್ಲಿನ ಮೇಲೆ ಮುದ್ರಿಸಿ ಎನ್ನಲು ಹೊಸ ಕಾನೂನೂ ಬೇಕಿರಲಾರದು. ಅಲ್ಲಿಯವರೆಗೆ ಅಪಾರ್ಟ್‌ಮೆಂಟ್ ನಿವಾಸಿಗಳು ತಮ್ಮ ಕೈಯಲ್ಲಿರುವುದನ್ನು ಮಾಡಬಹುದು. ಮುಂದಿನ ವಾರ್ಷಿಕ ಸಭೆಯಲ್ಲಿ ಜನರೇಟರ್ ಡೀಸೆಲ್ಲು, ನಾಯಿಗಳ ವಿವಾದ ಮುಗಿದ ಮೇಲೆ, ಡಕ್ಟ್‌ನಲ್ಲಿ ಇನ್ನೆರಡು ಕಂಪನಿಗಳಿಗೆ ಜಾಗ ಕೊಡುವ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ಮತಕ್ಕೆ ಹಾಕಲಿ.