ನೀಲಗಿರಿಯ ‘ಎಕ್ಸ್’ ಎಂಜಿನು

ನಂದಗುಡಿಯ ಸುತ್ತಣ ಹಿರಿಯರಿಗೆ ಉಗಿಬಂಡಿಯೆಂದೊಡನೆ ನೆನಪಾಗುವುದು ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರಗಳನ್ನು ಹಾಯ್ದು ಬಂಗಾರಪೇಟೆಯನ್ನು ಸೇರುತ್ತಿದ್ದ ಎರಡೂವರೆ ಅಡಿ ಹಳಿಯ ಪುಟ್ಟ ರೈಲು. ಮೈಸೂರು ಸಂಸ್ಥಾನದ ಕಾಲದ ಆ ಮಾರ್ಗವೀಗ ಬ್ರಾಡ್‌ಗೇಜ್ ಆಗಿದೆ. ಕೋಲಾರ–ಚಿಕ್ಕಬಳ್ಳಾಪುರದ ಭಾಗ 2013ರಲ್ಲಿ ಹಾಗೆ ಮಾರ್ಪಟ್ಟು ತೆರೆಯಿತು. ಪ್ರಯಾಣಿಕರಿಗೆ ಅದರಿಂದ ಅನುಕೂಲವೇ ಆಯಿತು. ಆದರೆ ಹಳೆಯ ಎಂಜಿನುಗಳೊಡನೆ ಅವುಗಳ ಮರ್ಮವನ್ನು ಬಲ್ಲ ಕೈಗಳೂ ಮರೆಯಾದುದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಕರ್ನಾಟಕದ ಗಡಿಗೆ ಹೊಂದಿಕೊಂಡ ನೀಲಗಿರಿಯಲ್ಲಿ ಮಾತ್ರ ಹಾಗಾಗಲಿಲ್ಲ. 1899ರಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿನವರೆಗೂ 1908ರಲ್ಲಿ ಉದಕಮಂಡಲದವರೆಗೂ ತೆರೆದ ಆ ಮೀಟರ್‌ಗೇಜ್ ಮಾರ್ಗಕ್ಕಾಗಿ ಸ್ವಿಟ್ಸರ್ಲೆಂಡಿನ ವಿಂಟರ್‌ಟೂರ್ ನಗರದ ಕಾರ್ಖಾನೆಯು ‘ಎಕ್ಸ್’ ವರ್ಗದ ಎಂಜಿನುಗಳನ್ನು ನಿರ್ಮಿಸಿತು: 1914ರಿಂದ 1925ರೊಳಗೆ 12, 1952ರಲ್ಲಿ 5. ಒಟ್ಟು ಹದಿನೇಳೇ. ನೀರನ್ನೂ ಇಂಧನವನ್ನೂ ಬೇರೊಂದು ಬಂಡಿಯಲ್ಲಿ ಎಳೆಯದೆ ತನ್ನ ಮೈಮೇಲೆಯೇ ಹೊರುವುದರಿಂದ ಇದು ಟ್ಯಾಂಕ್ ಎಂಜಿನು. ಹನ್ನೆರಡು ಅಡಿಗೆ ಒಂದಡಿ ಏರುವ ಕಡೆ ನಯವಾದ ಗಾಲಿ ಜಾರುವುದರಿಂದ, ಎರಡು ಹಳಿಗಳ ನಡುವೆ ಹಲ್ಲುಪಟ್ಟಿಯನ್ನು ಹಾಸಿ, ಎಂಜಿನಿನ ಹಲ್ಲುಚಕ್ರಗಳು ಅದನ್ನು ಕಚ್ಚಿಕೊಂಡು ಏರುವಂತೆ ಮಾಡಲಾಗಿದೆ. ಎರಡು ಸಿಲಿಂಡರುಗಳು ಸಾಮಾನ್ಯ ಗಾಲಿಗಳನ್ನು ತಿರುಗಿಸುತ್ತವೆ. ಅಲ್ಲಿ ದುಡಿದ ಉಗಿ ವ್ಯರ್ಥವಾಗದೆ ಮತ್ತೆರಡು ಸಿಲಿಂಡರುಗಳನ್ನು ಹೊಕ್ಕು ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಒಂದೇ ಉಗಿಗೆ ಎರಡು ದುಡಿಮೆ! ಏರುವಾಗ ಎಂಜಿನು ಮುಂದೆ ನಿಂತು ಎಳೆಯುವುದಿಲ್ಲ, ಬೋಗಿಗಳ ಹಿಂದೆ ನಿಂತು ತಳ್ಳುತ್ತದೆ.

ಇಂತಹ ಯಂತ್ರ ಇಂದಿಗೆ ಕೇವಲ ಪ್ರವಾಸಿಗಳ ವಿನೋದ, ವೃಥಾ ವೆಚ್ಚ ಎನ್ನುವವರಿದ್ದಾರೆ. ಲೆಕ್ಕಪತ್ರದ ದೃಷ್ಟಿಯಿಂದ ಆ ಮಾತನ್ನು ಸುಲಭವಾಗಿ ಅಲ್ಲಗಳೆಯಲಾಗದು. ಕೂನೂರಿನಿಂದ ಮೇಲಕ್ಕೆ ಡೀಸೆಲ್ ಎಂಜಿನೇ ದುಡಿಯುತ್ತಿದೆ. 2005ರಲ್ಲಿ ಯುನೆಸ್ಕೋ ಈ ಮಾರ್ಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಗೌರವದ ವಿಷಯವೇ ಸರಿ. ಆದರೆ ಬಿರುದಿನಿಂದ ಬಾಯ್ಲರು ಕಾಯುವುದಿಲ್ಲ. ಮಾರ್ಗದ ನಿಜವಾದ ಯಶಸ್ಸು ಬೇರೊಂದು ಕಡೆಯಿದೆ. ಹಳೆಯ ಎಂಜಿನುಗಳು ಸವೆಯುತ್ತಿದ್ದಾಗ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯ ಕುಶಲಕರ್ಮಿಗಳು 2011ರಿಂದ ಎಣ್ಣೆಯಲ್ಲಿ ಉರಿಯುವ ಹೊಸ ‘ಎಕ್ಸ್’ ಎಂಜಿನುಗಳನ್ನು ತಾವೇ ಕಟ್ಟಿದರು. 2021ರಲ್ಲಿ ಕಲ್ಲಿದ್ದಲಿನದೂ ಒಂದು ಅಲ್ಲಿಂದ ಹೊರಟಿತು.

1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯವು ಸ್ತುತ್ಯ ಕಾರ್ಯವನ್ನೇ ಮಾಡಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಅಧ್ಯಾಪಕರು ಅಭಿನಂದನಾರ್ಹರು. ಆದರೂ ಬಣ್ಣ ಬಳಿದು ನಿಲ್ಲಿಸಿದ ಎಂಜಿನು ತನ್ನ ಆಕಾರವನ್ನು ತೋರಬಲ್ಲುದೇ ಹೊರತು ತಾನು ನಡೆದ ಬಗೆಯನ್ನು ಹೇಳಲಾರದು. ಅದನ್ನು ಹೇಳಬಲ್ಲವರು ಫಿಟ್ಟರುಗಳು, ಬೆಂಕಿಯನ್ನು ಕಾಯ್ದವರು, ಬಾಯ್ಲರನ್ನು ತೊಳೆದವರು. ಬಂಗಾರಪೇಟೆಯ ಪುಟ್ಟ ರೈಲಿನಲ್ಲಿ ದುಡಿದ ವೃದ್ಧರು ಈ ಸೀಮೆಯಲ್ಲಿ ಇನ್ನೂ ಇದ್ದರೆ, ಪ್ರೌಢಶಾಲೆಯ ವಿದ್ಯಾರ್ಥಿಗಳು ಈ ವರ್ಷವೇ ಅವರ ಬಳಿ ಕುಳಿತು ಕೇಳಿ ಬರೆದಿಡುವುದು ಅವಶ್ಯ. ಅದಕ್ಕೆ ಬೇಕಾದುದು ಒಂದು ನೋಟುಪುಸ್ತಕ ಮತ್ತು ಬಸ್ಸಿನ ಖರ್ಚು.