ಸೊನ್ನೆಗೂ ಒಂದಕ್ಕೂ ನಡುವೆ ಮೊಲದ ಪ್ರತಿಕಾಯ

ಸ್ತನ ಕ್ಯಾನ್ಸರ್ ರೋಗಿಯ ಪ್ರಯೋಗಾಲಯ ವರದಿಯಲ್ಲಿ ‘ಹರ್-2: 0’ ಎಂದಿದ್ದರೂ ‘1+’ ಎಂದಿದ್ದರೂ 2022ರವರೆಗೆ ಚಿಕಿತ್ಸೆಯಲ್ಲಿ ವ್ಯತ್ಯಾಸವೇನೂ ಆಗುತ್ತಿರಲಿಲ್ಲ. ಎರಡನ್ನೂ ‘ನೆಗೆಟಿವ್’ ಎಂದೇ ಪರಿಗಣಿಸಲಾಗುತ್ತಿತ್ತು. ಈಗ ಅದೇ ಅಂಕಿ, ದುಬಾರಿ ಔಷಧವೊಂದು ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಎಂಬುದನ್ನು ನಿರ್ಧರಿಸತೊಡಗಿದೆ. ಆ ಅಂಕಿಯ ಹಿಂದಿರುವುದು ಮೊಲದಿಂದ ಪಡೆದ ಒಂದು ಪ್ರತಿಕಾಯ.

ಹರ್-2 ಎಂಬುದು ಜೀವಕೋಶದ ಹೊರಪೊರೆಯಲ್ಲಿರುವ, ಕೋಶಕ್ಕೆ ಬೆಳೆಯುವ ಸೂಚನೆ ನೀಡುವ ಪ್ರೋಟೀನು. ಸ್ತನ ಕ್ಯಾನ್ಸರ್‌ಗಳ ಪೈಕಿ ಶೇ. 15ರಿಂದ 20ರಷ್ಟರಲ್ಲಿ ಇದು ವಿಪರೀತ ಪ್ರಮಾಣದಲ್ಲಿರುತ್ತದೆ. ಅಂಥವರಿಗಾಗಿಯೇ ಟ್ರಾಸ್ಟುಜುಮಾಬ್ ಔಷಧಕ್ಕೆ 1998ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು. ಬೆಂಗಳೂರಿನ ಬಯೋಕಾನ್ 2014ರಲ್ಲಿ ತನ್ನದೇ ರೂಪವನ್ನು ದೇಶದ ಮಾರುಕಟ್ಟೆಗೆ ತಂದಿತು. ಗಡ್ಡೆಯ ತೆಳುವಾದ ಪದರದ ಮೇಲೆ ಪ್ರತಿಕಾಯವನ್ನು ಹಾಯಿಸಿದಾಗ ಪ್ರೋಟೀನು ಇರುವಲ್ಲಿ ಕಂದು ಬಣ್ಣ ಮೂಡುತ್ತದೆ. ಬಣ್ಣ ಗಾಢವಾಗಿದ್ದರೆ 3+, ಔಷಧ ಖಚಿತ. 2+ ಆದರೆ ಜೀನ್ ಪರೀಕ್ಷೆ. ಉಳಿದವರಿಗೆ ಬಾಗಿಲು ಮುಚ್ಚಿತ್ತು.

ಮೊಲವೇ ಏಕೆ? ಒಂದೇ ಮಾದರಿಯ ಪ್ರತಿಕಾಯವನ್ನು ಎಷ್ಟು ಬೇಕಾದರೂ ತಯಾರಿಸುವ ವಿಧಾನವನ್ನು 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಇಲಿಯ ಕೋಶಗಳಿಂದ ಸಾಧಿಸಿದರು; 1984ರಲ್ಲಿ ನೊಬೆಲ್ ಬಂತು. ಆದರೆ ಮನುಷ್ಯನ ಎಷ್ಟೋ ಪ್ರೋಟೀನುಗಳು ಇಲಿಯ ಪ್ರೋಟೀನುಗಳನ್ನೇ ಹೋಲುವುದರಿಂದ ಇಲಿಯ ದೇಹ ಅವನ್ನು ಪರಕೀಯವೆಂದು ಗುರುತಿಸುವುದು ಕಷ್ಟ. ಮೊಲದ ದೇಹ ಇಲಿಗೆ ಕಾಣದ ಭಾಗಗಳನ್ನೂ ಗುರುತಿಸಬಲ್ಲದು. ಅದರ ಪ್ರತಿಕಾಯಗಳು ಸಾಮಾನ್ಯವಾಗಿ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತವೆ. ಹಿಂದೆ ಮೊಲದ ರಕ್ತದಿಂದ ಪಡೆಯುತ್ತಿದ್ದುದು ಹಲವು ಪ್ರತಿಕಾಯಗಳ ಮಿಶ್ರಣವಾಗಿತ್ತು, ಒಂದು ಮೊಲದ್ದು ಇನ್ನೊಂದರಂತಿರುತ್ತಿರಲಿಲ್ಲ. ಮೊಲದಿಂದಲೂ ಏಕರೂಪದ, ಅಂದರೆ ಮಾನೋಕ್ಲೋನಲ್ ಪ್ರತಿಕಾಯ ಪಡೆಯುವ ದಾರಿ ತೆರೆದದ್ದು 1995ರಲ್ಲಿ, ಷಿಕಾಗೋದ ಲೊಯೊಲಾ ವಿಶ್ವವಿದ್ಯಾಲಯದಲ್ಲಿ.

ಹರ್-2 ಪರೀಕ್ಷೆಯಲ್ಲಿ ಬಹುವಾಗಿ ಬಳಕೆಯಲ್ಲಿರುವ ‘4ಬಿ5’ ಇಂಥದೇ. ಸ್ವಾರಸ್ಯವೆಂದರೆ ಅದು ಅಂಟಿಕೊಳ್ಳುವುದು ಪ್ರೋಟೀನಿನ ಒಳಭಾಗಕ್ಕೆ. ಇಲಿಯ ಪ್ರತಿಕಾಯದಿಂದ ರೂಪುಗೊಂಡ ಔಷಧ ಅಂಟಿಕೊಳ್ಳುವುದು ಹೊರಭಾಗಕ್ಕೆ.

ಚಿತ್ರ ಬದಲಾದದ್ದು 2022ರ ಜೂನ್‌ನಲ್ಲಿ. ಟ್ರಾಸ್ಟುಜುಮಾಬ್‌ನ ಬೆನ್ನಿಗೆ ಕೀಮೋ ಔಷಧವನ್ನು ಜೋಡಿಸಿದ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್, ಹರ್-2 ಅಲ್ಪ ಪ್ರಮಾಣದಲ್ಲಿರುವ, ದೇಹದ ಇತರೆಡೆಗೆ ಹಬ್ಬಿದ ಕ್ಯಾನ್ಸರ್‌ನಲ್ಲಿಯೂ ಫಲಕಾರಿ ಎಂದು ಡೆಸ್ಟಿನಿ-ಬ್ರೆಸ್ಟ್04 ಅಧ್ಯಯನ ತೋರಿಸಿತು. ಸಾಮಾನ್ಯ ಕೀಮೋ ಪಡೆದವರ ಮಧ್ಯಾಂಕ (ಮೀಡಿಯನ್) ಜೀವಿತ 16.8 ತಿಂಗಳು, ಹೊಸ ಔಷಧ ಪಡೆದವರದು 23.4 ತಿಂಗಳು. ಅದೇ ಆಗಸ್ಟ್‌ನಲ್ಲಿ ಅಮೆರಿಕ ಒಪ್ಪಿತು, ಅಕ್ಟೋಬರ್‌ನಲ್ಲಿ ಅರ್ಹರನ್ನು ಗುರುತಿಸಲು 4ಬಿ5 ಪರೀಕ್ಷೆಗೂ ಮನ್ನಣೆ ದೊರೆಯಿತು. 2025ರ ಜನವರಿಯಲ್ಲಿ, ಹಾರ್ಮೋನ್ ಗ್ರಾಹಕ ಇರುವ ಕ್ಯಾನ್ಸರ್‌ಗಳ ಮಟ್ಟಿಗೆ, ಬಣ್ಣ ತೀರಾ ಮಸುಕಾಗಿ ಕಾಣುವವರಿಗೂ ಔಷಧ ವಿಸ್ತರಿಸಿತು. ಅವರ ವರದಿಗಳು ಹಿಂದೆ ‘0’ ಎಂದೇ ಬರುತ್ತಿದ್ದವು.

ತೊಡಕು ಇರುವುದು ಇಲ್ಲಿಯೇ. ವಿಪರೀತವನ್ನು ಹಿಡಿಯಲೆಂದು ರೂಪಿಸಿದ ಪರೀಕ್ಷೆಯಿಂದ ಈಗ ಅತ್ಯಲ್ಪವನ್ನು ಅಳೆಯಿಸಲಾಗುತ್ತಿದೆ. ‘ಜಾಮಾ ಆಂಕಾಲಜಿ’ಯಲ್ಲಿ 2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 18 ರೋಗಶಾಸ್ತ್ರಜ್ಞರು ಒಂದೇ ಗಾಜಿನ ಪಟ್ಟಿಗಳನ್ನು ನೋಡಿದರು. 0 ಮತ್ತು 1+ ನಡುವೆ ಅವರಲ್ಲಿ ಒಮ್ಮತ ಕಂಡದ್ದು ಶೇ. 26ರಷ್ಟು ಮಾತ್ರ. ಪ್ರತಿಕಾಯ ಎಷ್ಟೇ ಏಕರೂಪವಾಗಿರಲಿ, ಬಣ್ಣವನ್ನು ಓದುವುದು ಕಣ್ಣು.

ಅದಕ್ಕೂ ಮುಂಚಿನ ಹಂತ ಇನ್ನೂ ನಾಜೂಕಾದುದು. ಗಡ್ಡೆಯ ತುಣುಕನ್ನು ಹೊರತೆಗೆದ ಒಂದು ತಾಸಿನೊಳಗೆ ಫಾರ್ಮಾಲಿನ್‌ಗೆ ಹಾಕಬೇಕು. ಅದರಲ್ಲಿ 6ರಿಂದ 72 ತಾಸು ಇರಬೇಕು ಎಂಬುದು ಅಂತಾರಾಷ್ಟ್ರೀಯ ನಿಯಮ. ಜಿಲ್ಲಾ ಕೇಂದ್ರವೊಂದರಲ್ಲಿ ಶನಿವಾರ ಶಸ್ತ್ರಕ್ರಿಯೆಯಾಗಿ ಮಾದರಿಯು ಬೆಂಗಳೂರಿನ ಪ್ರಯೋಗಾಲಯ ತಲುಪುವ ವೇಳೆಗೆ ಈ ಮಿತಿ ದಾಟಿದರೆ, ಪ್ರೋಟೀನು ಇದ್ದೂ ಕಾಣದೆ ಹೋಗಬಹುದು. ಹಾಗೆ ಕಾಣದ್ದು ವರದಿಯಲ್ಲಿ ‘0’ ಆಗುತ್ತದೆ. ಆ ಸೊನ್ನೆ ಹೇಗೆ ಬಂತೆಂದು ಯಾರೂ ಕೇಳುವುದಿಲ್ಲ. 4ಬಿ5ಗೆ ಅದರದೇ ಯಂತ್ರ ಬೇಕಾದ್ದರಿಂದ ಅನೇಕ ಪ್ರಯೋಗಾಲಯಗಳು ಎಸ್‌ಪಿ3ಯಂತಹ ಬೇರೆ ಪ್ರತಿಕಾಯಗಳನ್ನು ಬಳಸುತ್ತವೆ. ಫಲಿತಾಂಶಗಳು ತಾಳೆಯಾಗುತ್ತವೆಯೇ ಎಂಬುದನ್ನು ಅವೇ ಖಾತ್ರಿಪಡಿಸಿಕೊಳ್ಳಬೇಕು.

ಕೇಂದ್ರ ಸರ್ಕಾರ 2024ರ ಜುಲೈ ಬಜೆಟ್‌ನಲ್ಲಿ ಈ ಔಷಧದ ಆಮದು ಸುಂಕವನ್ನು ಪೂರ್ಣ ತೆಗೆಯಿತು. ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ತೆರಿಗೆಯನ್ನು ಶೇ. 12ರಿಂದ 5ಕ್ಕೆ ಇಳಿಸಲು ನಿರ್ಧರಿಸಿತು. ಸ್ವಾಗತಾರ್ಹವೇ. ಆದರೆ ರಿಯಾಯಿತಿ ದಕ್ಕುವುದು ಪರೀಕ್ಷೆಯಲ್ಲಿ ಅರ್ಹರಾದವರಿಗೆ. ಆ ಪರೀಕ್ಷೆ ನಡೆಸುವ ಪ್ರಯೋಗಾಲಯಗಳಿಗೆ ಎನ್‌ಎಬಿಎಲ್ ಮಾನ್ಯತೆ ಮಾತ್ರ ಬಹುಮಟ್ಟಿಗೆ ಐಚ್ಛಿಕವಾಗಿಯೇ ಉಳಿದಿದೆ. ಬಳಸಿದ ಪ್ರತಿಕಾಯದ ಹೆಸರು, ಫಾರ್ಮಾಲಿನ್‌ನಲ್ಲಿದ್ದ ಅವಧಿ ವರದಿಯಲ್ಲಿ ನಮೂದಾಗುವಂತೆ ಮಾಡಲು ದೊಡ್ಡ ಖರ್ಚೇನೂ ತಗಲದು. ‘0’ ಬಂದವರು ಸಂಗ್ರಹದಲ್ಲಿರುವ ಮೇಣದ ಬ್ಲಾಕ್ ಅನ್ನು ಇನ್ನೊಂದೆಡೆ ಪರೀಕ್ಷಿಸುವಂತೆ, ಇಲ್ಲವೇ ಹೊಸ ಬಯಾಪ್ಸಿ ಸಾಧ್ಯವೇ ಎಂದು ತಮ್ಮ ವೈದ್ಯರನ್ನು ಕೇಳಬಹುದು.