ಇನ್ನೂರರ ಹಬ್ಬದಲ್ಲಿ ಗಡಿನಾಡ ಮಕ್ಕಳ ಪಾಲು

1834ರ ಅಕ್ಟೋಬರದಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಲೂಥರನ್ ಹಾಗೂ ರಿಫಾರ್ಮ್ಡ್ ಸಂಪ್ರದಾಯಗಳೆರಡೂ ಕೂಡಿದ್ದ ಬಾಸೆಲ್ ಮಿಶನಿನ ಸಭೆ ಕನ್ನಡ ನಾಡಿನಲ್ಲಿ ಬೇರೂರಿದುದು ಅಲ್ಲಿಂದ. 2034ರಲ್ಲಿ ಅದಕ್ಕೆ ಇನ್ನೂರು ತುಂಬುತ್ತದೆ. ಆರಾಧನೆ, ಮೆರವಣಿಗೆ, ಸ್ಮರಣ ಸಂಚಿಕೆ, ಸಹಭೋಜನ ಎಲ್ಲವೂ ನಡೆಯಲಿ. ಆದರೆ ಈ ಹಬ್ಬದಲ್ಲಿ ಕರ್ನಾಟಕದ ಹೊರಗುಳಿದ ಕನ್ನಡ ಮಕ್ಕಳಿಗೂ ಪಾಲಿದೆಯೆಂಬುದು ನಮ್ಮ ಅಭಿಪ್ರಾಯ.

ಬಂದವರ ಮೊದಲ ಗುರಿ ಮತಪ್ರಚಾರ, ಅದನ್ನು ಮರೆಮಾಚಬೇಕಾದುದಿಲ್ಲ. ಆದರೆ ಜನರ ಮನಸ್ಸಿಗೆ ದಾರಿ ಜನರ ನುಡಿಯೇ ಎಂಬುದು ಅವರಿಗೆ ಪರಂಪರೆಯಿಂದ ಬಂದ ಪಾಠ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಯಲ್ಲಿ ಕೊಟ್ಟ ಲೂಥರನೇ, ಶಾಲೆಗಳನ್ನು ತೆರೆಯಿರೆಂದು 1524ರಲ್ಲಿ ನಗರಗಳ ಆಡಳಿತಗಾರರಿಗೆ ಬರೆದನು. ಮಂಗಳೂರಿನಲ್ಲಿ 1841ರಲ್ಲಿ ಮಿಶನಿನ ಮುದ್ರಣಾಲಯ ಬಂತು. 1843ರ ಜುಲೈ 1ರಂದು ಮೋಗ್ಲಿಂಗರ 'ಮಂಗಳೂರ ಸಮಾಚಾರ' ಹೊರಟಿತು. ಇದೇ ಪಾದ್ರಿಗಳು ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚಿಗೆ ತಂದರು. ಲೂಥರನ್ ಪಾದ್ರಿಯೊಬ್ಬರ ಮಗ ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂತು. ಇಂದಿಗೂ ಕನ್ನಡ ಅಧ್ಯಾಪಕರ ಕೈ ಹೋಗುವುದು ಅದರ ಕಡೆಗೇ.

ಇನ್ನೊಂದು ಪಾಠವೂ ಇದೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಬಂಧಿತರಾದರು. ಹಂಚಿನ ಕಾರ್ಖಾನೆಗಳು ಮಿಶನಿನ ಕೈತಪ್ಪಿದವು. ಆದರೂ ಸಭೆ ಮುಚ್ಚಲಿಲ್ಲ. ಊರವರೇ ಅದನ್ನು ಹೊತ್ತರು. ಮುಂದೆ ಇಲ್ಲಿನ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ಹೊರಗಿನ ಆಸರೆ ತಪ್ಪಿದ ಮೇಲೂ ನಿಲ್ಲುವುದು ಹೇಗೆಂಬುದನ್ನು ಗಡಿನಾಡಿನವರು ಇದರಿಂದ ಕಲಿಯಬೇಕು.

ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರು ನಮ್ಮಂತೆಯೇ ಇದ್ದಾರೆ. ಸೊನ್ನಲಿಗೆಯ ಸಿದ್ಧರಾಮ ಕನ್ನಡದಲ್ಲಿ ವಚನ ನುಡಿದ ನೆಲವದು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಆ ಪೀಠವೇರಿದ ಮೊದಲ ಮಹಿಳೆಯೆನಿಸಿದ ಜಯದೇವಿತಾಯಿ ಲಿಗಾಡೆಯವರು ಸೊಲ್ಲಾಪುರದವರು. 1967ರ ಮಹಾಜನ ವರದಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಕರ್ನಾಟಕಕ್ಕೆ ಕೊಡಬೇಕೆಂದಿತು. ವರದಿ ಕಡತದಲ್ಲೇ ಉಳಿಯಿತು. ಅಲ್ಲಿಯ ಮಕ್ಕಳು ಮಹಾರಾಷ್ಟ್ರ ಮುದ್ರಿಸಿದ ಕನ್ನಡ ಪಠ್ಯವನ್ನು ಓದುತ್ತಾರೆ. ನಮ್ಮ ಮಕ್ಕಳು ಕೇರಳ ಮುದ್ರಿಸಿದ್ದನ್ನು. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆನ್ನುತ್ತದೆ. ಆದರೂ ಕನ್ನಡ ಬಾರದ ಅಧ್ಯಾಪಕರ ನೇಮಕದ ವಿರುದ್ಧ ನಮ್ಮ ಜಿಲ್ಲೆಯ ತಾಯ್ತಂದೆಯರು ಮತ್ತೆ ಮತ್ತೆ ಬೀದಿಗಿಳಿಯಬೇಕಾಗಿ ಬಂದಿದೆ. ಹಕ್ಕಿಗಾಗಿ ಹೋರಾಟ ನಿಲ್ಲಬಾರದು. ಆದರೆ ತರಗತಿಯಲ್ಲಿ ಮಕ್ಕಳೇ ಇಲ್ಲವಾದರೆ ಯಾವ ಹಕ್ಕೂ ಕೈಗೆ ಸಿಗದು.

ಆದುದರಿಂದ ಹಬ್ಬದ ಸಿದ್ಧತೆ ನಡೆಸುವ ಸಭೆಗಳಲ್ಲಿ ನಮ್ಮದೊಂದು ಅರಿಕೆ. ಕಲ್ಲಿನ ಫಲಕದ ಜೊತೆಗೆ, ಒಂದೊಂದು ಸಭೆ ಗಡಿಯ ಒಂದೊಂದು ಕನ್ನಡ ಶಾಲೆಯ ವಾಚನಾಲಯವನ್ನು ವಹಿಸಿಕೊಳ್ಳಲಿ. ಹಳೆಯ ಮುದ್ರಣಾಲಯದ ಪುಸ್ತಕಗಳು ಕಪಾಟಿನಿಂದ ಮಕ್ಕಳ ಕೈಗೆ ಬರಲಿ. ಅಕ್ಕಲಕೋಟೆಯ ಮಕ್ಕಳೂ ಕಾಸರಗೋಡಿನ ಮಕ್ಕಳೂ ಒಂದೇ ವೇದಿಕೆಯಲ್ಲಿ ಕೂಡಿ ಓದಿ ಹಾಡಲಿ.

ಹೆತ್ತವರಲ್ಲಿಯೂ ಒಂದು ಮಾತು: ದೂರದ ಊರಿನಿಂದ ಬಂದವರು ಕನ್ನಡ ಕಲಿತು ನಿಘಂಟನ್ನೇ ಕಟ್ಟಿದರು. ಮನೆಯಲ್ಲಿ ಕನ್ನಡವಾಡುವ ನಾವು ಮುಂದಿನ ಜೂನಿನಲ್ಲಿ ನಮ್ಮ ಮಕ್ಕಳ ಹೆಸರನ್ನು ಯಾವ ಶಾಲೆಯಲ್ಲಿ ಬರೆಸುತ್ತೇವೆ? 2034ರ ಹಬ್ಬದಲ್ಲಿ ಕನ್ನಡ ಓದಬಲ್ಲ ಮಕ್ಕಳೆಷ್ಟು ಮಂದಿಯೆಂಬುದು ಆ ಉತ್ತರದ ಮೇಲೆ ನಿಂತಿದೆ.